ಏಳು ಗ್ರಾಂ ತೂಕ, ಒಂದು ಕೆರೆಯ ಲೆಕ್ಕ

‘ಪ್ಲಾಸ್ಟಿಕ್ ತಿನ್ನೋಕೆ ಮೀನಿಗೇನು ಬುದ್ಧಿ ಇಲ್ವಾ?’ ನನ್ನ ಬ್ಯಾಗಿನಲ್ಲಿರುವ ಬಳುಕುವ ಪ್ಲಾಸ್ಟಿಕ್ ಹುಳು, ಕಪ್ಪೆಗಳನ್ನು ನೋಡಿದ ಹಾಸ್ಟೆಲ್ ಗೆಳೆಯರ ಖಾಯಂ ಪ್ರಶ್ನೆ ಇದು. ಗಾಳ ಅಂದರೆ ಬಿದಿರುಕೋಲು, ಬೆಂಡು, ಎರೆಹುಳು ಎಂದೇ ಬೆಳೆದವರು ನಾವು. ಆದರೆ ಮೀನು ಬಾಯಿ ಹಾಕುವುದು ಪ್ಲಾಸ್ಟಿಕ್‌ಗಲ್ಲ, ಅದರ ಚಲನೆಗೆ. ಆ ಚಲನೆಯನ್ನು ತೀರ್ಮಾನಿಸುವುದು ಎರಡೇ ಸಂಗತಿ: ಕೊಕ್ಕೆ ಚುಚ್ಚಿದ ಬಗೆ, ಕಟ್ಟಿದ ತೂಕ.

ಈ ಸಾಫ್ಟ್ ಪ್ಲಾಸ್ಟಿಕ್ ಲೂರ್ ಹುಟ್ಟಿದ್ದೇ ನಮ್ಮಂಥ ವರ್ಕ್‌ಶಾಪ್ ಮಂದಿಯಿಂದ. 1949ರಲ್ಲಿ ಅಮೆರಿಕದ ಓಹಿಯೊ ರಾಜ್ಯದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬ ಮೆಷಿನಿಸ್ಟ್, ಮೃದು ವಿನೈಲ್ ಕಾಯಿಸಿ ಹುಳುವಿನ ಅಚ್ಚಿಗೆ ಹೊಯ್ದ. ಅಲ್ಲಿಂದ ಅದು ಜಗತ್ತನ್ನೆಲ್ಲ ಸುತ್ತಿ ನಮ್ಮ ಕೆರೆ ಏರಿಗೂ ಬಂದಿದೆ.

ಜಾಲಿ ಮುಳ್ಳಿಗೆ ಮದ್ದು

ಮಧುಗಿರಿ, ಶಿರಾ, ಪಾವಗಡ ಸೀಮೆಯ ಕೆರೆಗಳ ಕಥೆ ನಿಮಗೆ ಗೊತ್ತು. ಮಳೆ ಕೈಕೊಟ್ಟ ವರ್ಷ ಕೆರೆಯಂಗಳದ ತುಂಬ ಬಳ್ಳಾರಿ ಜಾಲಿ. ನೀರು ಬಂದಾಗ ಅದೇ ಜಾಲಿ ಮುಳುಗಿ ಕೊರಮೀನಿನ ಅಡಗುತಾಣ. ಇಂಗ್ಲಿಷಿನಲ್ಲಿ ಸ್ನೇಕ್‌ಹೆಡ್ ಎನ್ನುವ ಈ ಬೇಟೆಗಾರ ಮೀನು ಆಗಾಗ ಮೇಲೆ ಬಂದು ಗಾಳಿ ಗುಟುಕರಿಸುತ್ತದೆ. ಆ ಗುಳ್ಳೆಯೇ ನಮಗೆ ಸುಳಿವು. ಅಲ್ಲಿಗೆ ತೆರೆದ ಕೊಕ್ಕೆ ಎಸೆದರೆ ಮೀನಿಗಿಂತ ಮೊದಲು ಮುಳ್ಳು ಕಚ್ಚುತ್ತದೆ.

ಇದಕ್ಕೆ ಮದ್ದು ‘ಟೆಕ್ಸಾಸ್ ರಿಗ್’. ಮೊದಲು ಬುಲೆಟ್ ಆಕಾರದ ತೂಕವನ್ನು ಅದರ ಚೂಪು ತುದಿ ರಾಡ್ ಕಡೆಗಿರುವಂತೆ ದಾರಕ್ಕೆ ಪೋಣಿಸಿ. ನಂತರ ಕುತ್ತಿಗೆ ಬಾಗಿದ ಆಫ್‌ಸೆಟ್ ಕೊಕ್ಕೆ ಕಟ್ಟಿ. ಲೂರಿನ ಮೂಗಿಗೆ ಕೊಕ್ಕೆ ಚುಚ್ಚಿ ಅರ್ಧ ಸೆಂಟಿಮೀಟರ್ ಒಳಗೆ ಹೋದ ಮೇಲೆ ಹೊರಗೆ ತೆಗೆಯಿರಿ. ಕೊಕ್ಕೆಯ ಕಣ್ಣಿನವರೆಗೆ ಎಳೆದು, ಅರ್ಧ ಸುತ್ತು ತಿರುಗಿಸಿ. ಈಗ ಕೊಕ್ಕೆಯನ್ನು ಲೂರಿನ ಪಕ್ಕಕ್ಕೆ ಹಿಡಿದು, ಬಾಗು ಬರುವ ಜಾಗ ಗುರುತಿಸಿ ಅಲ್ಲಿಯೇ ಚುಚ್ಚಿ. ಮೊನೆ ಬೆನ್ನಿನ ಚರ್ಮದೊಳಗೆ ಸ್ವಲ್ಪವೇ ಅಡಗಿರಲಿ. ಲೂರ್ ಸ್ಕೇಲ್ ಇಟ್ಟಂತೆ ನೇರ ಇರಬೇಕು. ಸೊಟ್ಟಗಿದ್ದರೆ ನೀರಿನಲ್ಲಿ ಗಿರಗಿರ ತಿರುಗಿ ದಾರ ಹುರಿಗೊಳ್ಳುತ್ತದೆ. ಪಾಚಿ, ಜೊಂಡು ಹೆಚ್ಚಿದ್ದರೆ ತೂಕದ ರಂಧ್ರಕ್ಕೆ ಹಲ್ಲುಕಡ್ಡಿ ತುಂಡು ಸಿಕ್ಕಿಸಿ. ಆಗ ತೂಕವೂ ಲೂರೂ ಒಟ್ಟಿಗೆ ಒಳನುಗ್ಗುತ್ತವೆ.

ಏರಿಗೊಂದು, ಅಂಗಳಕ್ಕೊಂದು

ಎಷ್ಟು ತೂಕ? ಉತ್ತರ ಕೆರೆ ಕಟ್ಟಿದವರ ಲೆಕ್ಕದಲ್ಲಿದೆ. ನಮ್ಮ ಕೆರೆಗಳಲ್ಲಿ ಕಲ್ಲು ಹೊದಿಸಿದ ಏರಿ, ತೂಬಿನ ಬಳಿ ನೀರು ಆಳ. ಹಿಂದಕ್ಕೆ ಹೋದಂತೆ ಮಂಡಿಯುದ್ದ. ಹಾಗಾಗಿ ಅಂಗಳದ ತೆಳುನೀರಿನಲ್ಲಿ ನಾನು ತೂಕವನ್ನೇ ಹಾಕುವುದಿಲ್ಲ, ಹಾಕಿದರೂ 3.5 ಗ್ರಾಂ. ನಡುವಿನ ನೀರಿಗೆ 7, ತೂಬಿನ ಆಳಕ್ಕೆ ಅಥವಾ ಗಾಳಿ ಜೋರಿದ್ದರೆ 10 ಗ್ರಾಂ. ಕೊರಟಗೆರೆಯ ತೀತಾ ಜಲಾಶಯವಿರಲಿ, ಹೇಮಾವತಿ ನೀರು ಬಂದಾಗಿನ ಕಳ್ಳಂಬೆಳ್ಳ ಕೆರೆಯಿರಲಿ, ಸೂತ್ರ ಒಂದೇ: ತಳ ಮುಟ್ಟಿದ್ದು ಕೈಗೆ ತಿಳಿಯುವಷ್ಟು ತೂಕ ಸಾಕು. ಹಗುರ ಲೂರ್ ನಿಧಾನ ಇಳಿಯುತ್ತದೆ, ಮೀನಿಗೆ ನೋಡಲು ಸಮಯ ಸಿಗುತ್ತದೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಟರ್ಮಿನಲ್ ವೆಲಾಸಿಟಿ ನನಗೆ ಕ್ಲಾಸಿಗಿಂತ ಏರಿಯ ಮೇಲೆ ಚೆನ್ನಾಗಿ ಅರ್ಥವಾಗಿದೆ.

ಅಗ್ಗದ ತೂಕ ಸೀಸದ್ದು. ಸಾಂದ್ರತೆ ನೀರಿನ 11.3 ಪಟ್ಟು, ಆದರೆ ಅದು ವಿಷ. ಟಂಗ್‌ಸ್ಟನ್ 19.3 ಪಟ್ಟು, ಚಿಕ್ಕದರಲ್ಲೇ ತೂಕ ಸಿಗುತ್ತದೆ, ಬೆಲೆ ಮಾತ್ರ ಜಾಸ್ತಿ. ಹಿತ್ತಾಳೆ ಸುಮಾರು 8.5 ಪಟ್ಟು. ಗಾತ್ರ ಸ್ವಲ್ಪ ದೊಡ್ಡದಾದರೂ ನಮ್ಮ ಜೇಬಿಗೆ ಅದೇ ಸರಿ.

ಕೆರೆ ಒಣಗಿದ ಮೇಲೆ

ತುಂಬಿದ ಹೊಳೆಯಲ್ಲಿ ದಾರ ಕಡಿದುಕೊಂಡ ಲೂರ್ ಕಣ್ಣಿಗೆ ಬೀಳದೆ ಹೋಗಬಹುದು. ನಮ್ಮ ಕೆರೆಗಳು ಹಾಗಲ್ಲ, ಒಣಗುತ್ತವೆ. ಬೇಸಿಗೆಯಲ್ಲಿ ಅದೇ ಅಂಗಳದಲ್ಲಿ ಕುರಿ ಮೇಯುತ್ತವೆ, ಮಕ್ಕಳು ಬರಿಗಾಲಲ್ಲಿ ಕ್ರಿಕೆಟ್ ಆಡುತ್ತಾರೆ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಆಹಾರ ಹುಡುಕುವುದೂ ಸುತ್ತಲಿನ ಕೆರೆಗಳಲ್ಲೇ. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಕೊಕ್ಕೆಯ ಮೊನೆ ಬೇಗ ಮೊಂಡಾಗುವುದಿಲ್ಲ. ಮೊನೆ ಅಡಗಿಸಿ ಕಟ್ಟುವುದು, ಗಟ್ಟಿ ಹೆಣೆದ ದಾರ ಬಳಸುವುದು, ಸೀಸ ಬಿಡುವುದು ಬರೀ ಮೀನು ಹಿಡಿಯುವ ಜಾಣತನವಲ್ಲ. ಕೆರೆಯಲ್ಲಿ ನಮ್ಮದೇನೂ ಉಳಿಯದಂತೆ ನೋಡಿಕೊಳ್ಳುವ ದಾರಿ.

ಶುರು ಮಾಡುವವರಿಗೆ ಇನ್ನೆರಡು ಮಾತು. ಕೆರೆಗಳ ಮೀನುಗಾರಿಕೆ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಗುತ್ತಿಗೆದಾರರನ್ನೋ ಮೀನುಗಾರರ ಸಹಕಾರ ಸಂಘವನ್ನೋ ಕೇಳಿಯೇ ಗಾಳ ಹಾಕಿ, ಅದು ಅವರ ಹೊಟ್ಟೆಪಾಡು. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿ ಎಸೆಯಬೇಡಿ. ತಾಯಿ, ತಂದೆ ಕಾವಲಿದ್ದು ಹತ್ತಿರ ಬಂದದ್ದಕ್ಕೆಲ್ಲ ಎರಗುತ್ತವೆ. ಅವನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನಿನ ಪಾಲು. ಹಾಗೇ ಹರಿದ ಲೂರ್, ತುಂಡು ದಾರ ಹಾಕಿಕೊಳ್ಳಲು ಬ್ಯಾಗಿನಲ್ಲಿ ಒಂದು ಹಳೇ ಡಬ್ಬಿ ಇರಲಿ.