ಎಮ್ಯುಲೇಟರ್ ಬಚ್ಚಿಡುವ ತಪ್ಪುಗಳು

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿ, ಲ್ಯಾಂಡರ್‌ನ ಸೆನ್ಸರ್‌ಗಳನ್ನು ವಿಮಾನದಲ್ಲಿ ಅವುಗಳ ಮೇಲೆ ಹಾಯಿಸಿ ಪರೀಕ್ಷಿಸಿತು. ಚಳ್ಳಕೆರೆ ಬಳಿಯೇ ಇರುವ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದ ರನ್‌ವೇಯಲ್ಲಿ ಮರುಬಳಕೆಯ ಉಡಾವಣಾ ವಾಹನದ ಮಾದರಿ 2023ರ ಏಪ್ರಿಲ್ 2ರಂದು ತಾನಾಗಿಯೇ ಇಳಿಯಿತು. ‘ಪುಷ್ಪಕ್’ ಎಂಬ ಹೆಸರು ಹೊತ್ತು 2024ರ ಮಾರ್ಚ್ 22 ಮತ್ತು ಜೂನ್ 23ರಂದು ಮತ್ತೆ ಇಳಿಯಿತು. ಕೊನೆಯ ಸಲ ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರದಲ್ಲಿ, ಬೇಕೆಂದೇ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿತ್ತು. ನೆಲ ಮುಟ್ಟುವಾಗ ವೇಗ ಗಂಟೆಗೆ 320 ಕಿ.ಮೀ. ಮೀರಿತ್ತು. ಗಾಳಿ, ತೂಕ, ರೆಕ್ಕೆಯ ಕೋನ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಬಲ್ಲವರು ಬಯಲಿಗೆ ಬರಬೇಕಾಯಿತಲ್ಲ, ಅದಕ್ಕಿರುವ ಕಾರಣವೇ ಪ್ರೊಸೆಸರ್‌ಗಳಿಗೆ ಸಾಫ್ಟ್‌ವೇರ್ ಕಟ್ಟುವವರಿಗೂ ಅನ್ವಯಿಸುತ್ತದೆ. ಸಾಫ್ಟ್‌ವೇರನ್ನು ಎಲ್ಲಿ ಬೇಕಾದರೂ ಕಟ್ಟಬಹುದು, ಆದರೆ ಅದು ಸರಿಯಿದೆ ಎಂಬ ಕೊನೆಯ ಒಪ್ಪಿಗೆ ಅಸಲಿ ಚಿಪ್‌ನಿಂದಲೇ ಸಿಗಬೇಕು ಎಂಬುದು ನನ್ನ ವಾದ.

ಇಂಟೆಲ್, ಎಎಂಡಿ ಕಂಪ್ಯೂಟರುಗಳ ಎಕ್ಸ್86 ಒಂದು ಬಗೆ, ಮೊಬೈಲುಗಳ ಆರ್ಮ್ ಇನ್ನೊಂದು, ರಿಸ್ಕ್-ಫೈವ್ ಮತ್ತೊಂದು. ಪ್ರತಿಯೊಂದಕ್ಕೂ ತನ್ನದೇ ಆಜ್ಞೆಗಳ ಪಟ್ಟಿ. ಮೊಳಕಾಲ್ಮೂರಿನ ರೇಷ್ಮೆ ಸೀರೆಯಂಥ ನೇಯ್ಗೆಯಲ್ಲಿ ಒಂದು ಜಕಾರ್ಡಿಗೆಂದು ತೂತು ಹೊಡೆದ ಕಾರ್ಡುಗಳನ್ನು ಕೊಕ್ಕೆಗಳ ಲೆಕ್ಕ ಬೇರೆಯಿರುವ ಮಗ್ಗಕ್ಕೆ ಏರಿಸಿದರೆ ಅಂಚಿನಲ್ಲಿ ಹೂವು ಮೂಡುವುದಿಲ್ಲ. ಒಂದು ಚಿಪ್‌ಗೆ ಕಂಪೈಲ್ ಮಾಡಿದ ಪ್ರೋಗ್ರಾಂ ಇನ್ನೊಂದರಲ್ಲಿ ಓಡದಿರುವುದೂ ಹಾಗೆಯೇ. ಈ ತೊಡಕಿಗೆ ಎಮ್ಯುಲೇಟರ್ ಒಂದು ಪರಿಹಾರ. ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ‘ಕ್ಯೂಎಮು’ ಆರ್ಮ್‌ನ ಆಜ್ಞೆಗಳನ್ನು ಆಗಿಂದಾಗಲೇ ಎಕ್ಸ್86 ಆಜ್ಞೆಗಳಾಗಿ ಮಾರ್ಪಡಿಸಿ ಓಡಿಸುತ್ತದೆ. ವೇಗ ಹಲವು ಪಟ್ಟು ಇಳಿಯುತ್ತದೆ, ಅದನ್ನು ಸಹಿಸಬಹುದು. ಸಹಿಸಲಾಗದ್ದು ತಪ್ಪುಗಳು ಮರೆಯಾಗುವುದು. ಎರಡು ಕೋರ್‌ಗಳಿರುವ ಚಿಪ್ಪನ್ನೇ ನೋಡಿ. ಮೊದಲ ಕೋರ್ ಒಂದು ಲೆಕ್ಕದ ಉತ್ತರವನ್ನು ಮೆಮೊರಿಯಲ್ಲಿ ಬರೆದು, ಆಮೇಲೆ ‘ಸಿದ್ಧ’ ಎಂಬ ಗುರುತು ಹಾಕುತ್ತದೆ. ಎರಡನೆಯದು ಗುರುತು ಕಂಡು ಉತ್ತರ ಓದುತ್ತದೆ. ಎಕ್ಸ್86 ಚಿಪ್ ಈ ಬರಹಗಳ ಕ್ರಮ ಕಾಯುತ್ತದೆ. ಆರ್ಮ್‌ಗೆ ಆ ಕಟ್ಟುಪಾಡಿಲ್ಲ; ಕ್ರಮ ಕಾಯುವಂತೆ ಪ್ರೋಗ್ರಾಂ ಬರೆದವರೇ ಹೇಳದಿದ್ದರೆ ಉತ್ತರಕ್ಕಿಂತ ಮೊದಲು ಗುರುತೇ ಕಾಣಿಸಿಕೊಂಡು, ಎರಡನೆಯ ಕೋರ್ ಹಳೆಯ ಉತ್ತರವನ್ನೇ ಎತ್ತಿಕೊಂಡೀತು. ಎಕ್ಸ್86 ಯಂತ್ರದಲ್ಲಿ ಕೂತ ಎಮ್ಯುಲೇಟರ್‌ನಲ್ಲಿ ಮಾತ್ರ ಎಷ್ಟು ಸಲ ಓಡಿಸಿದರೂ ಈ ತಪ್ಪು ತಲೆ ಎತ್ತದಿರಬಹುದು, ಏಕೆಂದರೆ ಕೆಳಗಿರುವ ಯಂತ್ರವೇ ಕ್ರಮ ಕಾಯುತ್ತಿರುತ್ತದೆ. ಪರೀಕ್ಷೆ ಪಾಸಾಗುತ್ತದೆ, ತಪ್ಪು ಗ್ರಾಹಕರ ಮೊಬೈಲಿಗೆ ಹೋಗುತ್ತದೆ.

ಹೊಸ ಚಿಪ್ ಇನ್ನೂ ಕೈಗೇ ಬಂದಿರದಾಗ ಅದರಲ್ಲೇ ಪರೀಕ್ಷಿಸಿ ಎಂದರೆ ಹೇಗೆ ಎಂದು ಕೇಳುವವರಿದ್ದಾರೆ. ಆ ಮಾತು ನ್ಯಾಯವೇ. ಇಸ್ರೊ ಮತ್ತು ಚಂಡೀಗಢದ ಸೆಮಿಕಂಡಕ್ಟರ್ ಲ್ಯಾಬೊರೇಟರಿ ಸೇರಿ ರೂಪಿಸಿದ 32 ಬಿಟ್‌ನ ರಾಕೆಟ್ ಪ್ರೊಸೆಸರ್ ವಿಕ್ರಮ್ 3201ಕ್ಕೆ ತನ್ನದೇ ಆಜ್ಞೆಗಳ ಪಟ್ಟಿ ಇದೆ. ಹಾಗಾಗಿ ಅಡಾ ಭಾಷೆಯ ಕಂಪೈಲರ್, ಅಸೆಂಬ್ಲರ್, ಲಿಂಕರ್‌ಗಳ ಜೊತೆ, ಎಮ್ಯುಲೇಟರ್‌ನಂತೆ ಚಿಪ್ಪನ್ನು ಅನುಕರಿಸುವ ಸಿಮ್ಯುಲೇಟರನ್ನೂ ಇಸ್ರೊ ತಾನೇ ಮಾಡಿಕೊಳ್ಳಬೇಕಾಯಿತು. ರಾಕೆಟ್ ನಡೆಸುವ ಚಿಪ್‌ನ ಒಳಗೆ ಕಂಪೈಲರ್ ಓಡಿಸುವ ಹಂಗೂ ಇಲ್ಲ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಿದರೆ ಸಾಕು. ಆದರೆ ಸಿಮ್ಯುಲೇಟರ್ ಎಂದರೆ ಚಿಪ್‌ನ ಬಗ್ಗೆ ನಮಗೆ ಗೊತ್ತಿರುವುದರ ಮೊತ್ತ. ನಾವು ತಪ್ಪು ತಿಳಿದುಕೊಂಡಿದ್ದರೆ ಆ ತಪ್ಪೇ ಅದರಲ್ಲೂ ಕೂತಿರುತ್ತದೆ, ನಮ್ಮನ್ನು ತಿದ್ದಲು ಅದರಿಂದಾಗದು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅಸಲಿ ಚಿಪ್‌ನಲ್ಲಿ ಬೇಕೆಂದಾಗ ಮೆಮೊರಿಯ ಒಂದು ಬಿಟ್ ಕೆಡಿಸಲು, ಓಟವನ್ನು ನಡುವೆ ನಿಲ್ಲಿಸಿ ಒಳಗೆ ಇಣುಕಲು ಸುಲಭವಿಲ್ಲ. ಎಮ್ಯುಲೇಟರ್‌ನಲ್ಲಿ ಅದು ದಿನನಿತ್ಯದ ಕೆಲಸ. ಅಪಾಯದ ಸನ್ನಿವೇಶಗಳನ್ನು ಸಾವಿರಾರು ಸಲ ಆಡಿಸಿ ನೋಡುವ ಜಾಗ ಅದೇ, ಅದಿಲ್ಲದೆ ಯಾರೂ ಕೆಲಸ ಮಾಡಬಾರದು ಎಂದೇ ನಾನೂ ಹೇಳುತ್ತೇನೆ. ಆದರೆ ಅಲ್ಲಿ ಸಿಕ್ಕ ತಪ್ಪಿಗೆ ಇರುವ ಬೆಲೆ ಅಲ್ಲಿ ಸಿಗದ ತಪ್ಪಿಗೆ ಇಲ್ಲ: ಸಿಕ್ಕಿದರೆ ತಿದ್ದಬಹುದು, ಸಿಗಲಿಲ್ಲವೆಂದ ಮಾತ್ರಕ್ಕೆ ತಪ್ಪೇ ಇಲ್ಲ ಎನ್ನಲಾಗದು. ಲಿನಕ್ಸ್ ಆಧಾರಿತ ಡೆಬಿಯನ್ ಯೋಜನೆ ತನ್ನ ಪ್ಯಾಕೇಜುಗಳನ್ನು ಸಾಮಾನ್ಯವಾಗಿ ಆಯಾ ಬಗೆಯ ಯಂತ್ರಗಳಲ್ಲೇ ಕಂಪೈಲ್ ಮಾಡುವುದರಿಂದ, ಪ್ಯಾಕೇಜಿನ ಜೊತೆ ಬರುವ ಪರೀಕ್ಷೆಗಳೂ ಅಸಲಿ ಚಿಪ್‌ನಲ್ಲೇ ಓಡುತ್ತವೆ. ಯಂತ್ರ ಕೊಳ್ಳುವ ಖರ್ಚು ಅದಕ್ಕೆ ತಕ್ಕುದೇ. ಇಸ್ರೊ ಕೂಡ ಸಿಮ್ಯುಲೇಟರ್‌ನ ಒಪ್ಪಿಗೆಗೆ ನಿಲ್ಲಲಿಲ್ಲ. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60ರ ಕೊನೆಯ ಹಂತವನ್ನೇ ಕಕ್ಷೆಯ ಪ್ರಯೋಗಾಲಯವಾಗಿ ಉಳಿಸಿಕೊಂಡು, ಅದರ ಕಂಪ್ಯೂಟರಿನಲ್ಲಿ ವಿಕ್ರಮ್ 3201 ಕೂರಿಸಿ ಬಾಹ್ಯಾಕಾಶದಲ್ಲೇ ಓಡಿಸಿ ನೋಡಿತು. ಚಿಪ್‌ನ ಮೊದಲ ಕಂತು ಇಸ್ರೊ ಅಧ್ಯಕ್ಷರ ಕೈ ಸೇರಿದ್ದು ಅದಾದ ಮೇಲೆ, 2025ರ ಮಾರ್ಚ್‌ನಲ್ಲಿ.