ರೈತರ ಮನೆಗೆ ಸಣ್ಣ ಮಿಶ್ರತಳಿ ನಾಯಿ: ಆಯ್ಕೆ ಮತ್ತು ಆರೈಕೆ

ದಾವಣಗೆರೆ ತಾಲ್ಲೂಕಿನ ಮಾಯಕೊಂಡ, ಆನಗೋಡು ಸುತ್ತಿನ ಹಳ್ಳಿಗಳಲ್ಲಿ ನಾಯಿ ಸಾಕದ ರೈತರ ಮನೆ ಅಪರೂಪ. ಹಿಂದೆ ಹೊಲ, ಕಣ ಮತ್ತು ಕುರಿಹಟ್ಟಿಗಳ ಕಾವಲಿಗೆ ದೊಡ್ಡ ಊರನಾಯಿಯನ್ನು ಸಾಕುವುದು ವಾಡಿಕೆಯಾಗಿತ್ತು. ಅದರ ಜಾಗ ಅಂಗಳವೇ ಹೊರತು ಮನೆಯ ಒಳಗಲ್ಲ. ಈಚಿನ ವರ್ಷಗಳಲ್ಲಿ ಪೊಮೇರಿಯನ್ ಮುಂತಾದ ಸಣ್ಣ ತಳಿಗಳು ಊರನಾಯಿಯೊಡನೆ ಬೆರೆತು ಹುಟ್ಟಿದ ಚಿಕ್ಕ ನಾಯಿಗಳು ಹಳ್ಳಿಯ ಮನೆಗಳಿಗೂ ಬಂದಿವೆ. ಐದರಿಂದ ಹತ್ತು ಕಿಲೋ ತೂಗುವ ಈ ನಾಯಿ ಪಡಸಾಲೆಯಲ್ಲಿ ಮಲಗುತ್ತದೆ, ಮಕ್ಕಳ ತಟ್ಟೆಯ ಪಕ್ಕದಲ್ಲಿ ಕೂರುತ್ತದೆ, ಯಜಮಾನ ಹೊಲಕ್ಕೆ ಹೊರಟರೆ ಹಿಂದೆಯೇ ಬರುತ್ತದೆ. ಹೊಸಬರು ಬಂದರೆ ಬೊಗಳಿ ತಿಳಿಸುತ್ತದೆ, ತಿನ್ನುವುದೂ ಕಡಿಮೆ.

ಇಂತಹ ನಾಯಿಯನ್ನು ಸಾಕುವವರು ಎರಡು ಮಾತುಗಳನ್ನು ನೆನಪಿಡಬೇಕು. ಒಂದು, ಅದು ಮಕ್ಕಳಿಗೆ ಬಹಳ ಹತ್ತಿರವಿರುವುದರಿಂದ ಅದಕ್ಕೆ ಬಂದ ರೋಗ ಮನೆಯವರಿಗೂ ಬರಬಹುದು. ಎರಡು, ಅದರ ದೇಹ ಚಿಕ್ಕದಾದುದರಿಂದ ದೊಡ್ಡ ನಾಯಿ ತಡೆದುಕೊಳ್ಳುವಷ್ಟು ವಿಷವನ್ನು ಅದು ತಡೆಯಲಾರದು. ರೋಗದ ಚಿಕಿತ್ಸೆ ಪಶುವೈದ್ಯರ ಕೆಲಸ. ಆದರೆ ನಾಯಿಯ ಪ್ರಾಣಕ್ಕೆ ಎರವಾಗುವ ಹಲವು ವಸ್ತುಗಳು ನಮ್ಮ ಹೊಲ ಮತ್ತು ಕಣದಲ್ಲೇ ಇರುವುದರಿಂದ ಬೇಸಾಯಶಾಸ್ತ್ರದವರೂ ಈ ವಿಷಯವನ್ನು ಹೇಳಬೇಕಾಗಿದೆ.

ಮಿಶ್ರತಳಿ ಎಂದರೇನು?

ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನೇ ಉಳಿಸಿಕೊಂಡು ಮರುವರ್ಷ ಬಿತ್ತಿದರೆ ಏನಾಗುತ್ತದೆಂಬುದು ನಿಮಗೆ ಗೊತ್ತಿದೆ. ಒಂದು ಗಿಡ ಎತ್ತರ, ಒಂದು ಗಿಡ ಗಿಡ್ಡ, ತೆನೆಯೂ ಒಂದೇ ಸಮನಾಗಿರುವುದಿಲ್ಲ. ಮಿಶ್ರತಳಿ ನಾಯಿಯ ಮರಿಗಳೂ ಹೀಗೆಯೇ. ಒಂದೇ ಸೂಲಿನಲ್ಲಿ ಹುಟ್ಟಿದ ಐದು ಮರಿಗಳಲ್ಲಿ ಎರಡು ತಾಯಿಯಂತೆ ಚಿಕ್ಕವಾಗಿ ಉಳಿದು, ಮೂರು ಊರನಾಯಿಯಷ್ಟು ಬೆಳೆಯಬಹುದು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿರಿ. ತಲೆತಲಾಂತರದಿಂದ ಒಂದೇ ಗುಣಕ್ಕಾಗಿ ಆರಿಸುತ್ತ ಬಂದುದರಿಂದ ಅದರ ಮರಿ ಹೇಗೆ ಬೆಳೆಯುವುದೆಂದು ಮೊದಲೇ ಹೇಳಬಹುದು. 2005ರಲ್ಲಿ ಅಂಚೆ ಇಲಾಖೆ ಆ ತಳಿಯ ಚಿತ್ರವಿರುವ ಅಂಚೆ ಚೀಟಿಯನ್ನೇ ಹೊರಡಿಸಿತು. ಮಿಶ್ರತಳಿಯಲ್ಲಿ ಅಂತಹ ಭರವಸೆ ಇಲ್ಲ. ಆದ್ದರಿಂದ "ಇದು ಇಷ್ಟೇ ಬೆಳೆಯುತ್ತದೆ" ಎಂದು ಮಾರುವವರು ಹೇಳುವ ಮಾತನ್ನು ನಂಬಿ ಹೆಚ್ಚು ಹಣ ಕೊಡುವುದು ತರವಲ್ಲ. ಸಾಧ್ಯವಾದರೆ ತಂದೆ ತಾಯಿ ಎರಡನ್ನೂ, ಇಲ್ಲವಾದರೆ ತಾಯಿಯನ್ನಾದರೂ ಕಣ್ಣಾರೆ ನೋಡಿರಿ.

ಹಾಗೆಂದು ಮಿಶ್ರತಳಿ ಕೀಳಲ್ಲ. ಊರನಾಯಿಯ ರಕ್ತ ಬೆರೆತ ನಾಯಿ ನಮ್ಮ ಬಿಸಿಲಿಗೆ ಬೇಗ ಹೊಂದಿಕೊಳ್ಳುತ್ತದೆ. ಹತ್ತಿರದ ಸಂಬಂಧದಲ್ಲೇ ಕೂಡಿಸುತ್ತ ಬಂದ ಶುದ್ಧ ತಳಿಗಳಲ್ಲಿ ಕಾಣುವ ವಂಶಪಾರಂಪರ್ಯ ದೋಷಗಳೂ ಸಾಮಾನ್ಯವಾಗಿ ಕಡಿಮೆ. ಊರಿನಲ್ಲೇ ಯಾರಾದರೂ ಪುಕ್ಕಟೆ ಕೊಡುವ ಮರಿ, ಪೇಟೆಯಲ್ಲಿ ಸಾವಿರಾರು ರೂಪಾಯಿಗೆ ತಂದ ಮರಿಗಿಂತ ಚೆನ್ನಾಗಿ ಬಾಳಬಹುದು.

ಮರಿಯ ಆಯ್ಕೆ

ಮರಿಗೆ ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬಾರದು. ಒಂದು ತಿಂಗಳ ಮರಿ ಮುದ್ದಾಗಿ ಕಾಣುವುದು ನಿಜ. ಆದರೆ ಎಷ್ಟು ಗಟ್ಟಿಯಾಗಿ ಕಚ್ಚಿದರೆ ನೋವಾಗುತ್ತದೆಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳೊಡನೆ ಆಡುತ್ತ ಐದರಿಂದ ಎಂಟನೆಯ ವಾರದ ಅವಧಿಯಲ್ಲಿ. ಬೇಗ ಅಗಲಿಸಿದ ಮರಿ ಮುಂದೆ ಮಕ್ಕಳ ಕೈ ಕಚ್ಚುವುದು ಹೆಚ್ಚು.

ಮರಿಯನ್ನು ಆರಿಸುವಾಗ ಈ ಅಂಶಗಳನ್ನು ಗಮನಿಸಿರಿ:

1. ಕಣ್ಣು ಹೊಳಪಾಗಿದ್ದು ಪಿಸುರು ಇರಬಾರದು. ಮೂಗಿನಿಂದ ಸಿಂಬಳ ಸುರಿಯುತ್ತಿರಬಾರದು.
2. ತುಟಿ ಎತ್ತಿ ನೋಡಿದರೆ ವಸಡು ತಿಳಿಗೆಂಪಾಗಿರಬೇಕು. ಬಿಳಿಚಿಕೊಂಡಿದ್ದರೆ ಜಂತುಹುಳು ಅಥವಾ ಉಣ್ಣೆಯಿಂದ ರಕ್ತಹೀನತೆ ಇದೆಯೆಂದು ಶಂಕಿಸಬೇಕು.
3. ಮೈ ಬಡಕಲಾಗಿದ್ದು ಹೊಟ್ಟೆ ಮಾತ್ರ ಗುಡಾಣದಂತಿದ್ದರೆ ಅದು ಪುಷ್ಟಿಯಲ್ಲ, ಜಂತುಹುಳುವಿನ ಲಕ್ಷಣ.
4. ಬಾಲದ ಕೆಳಗೆ ಭೇದಿಯ ಕಲೆ ಇರಬಾರದು. ಹೊಕ್ಕುಳ ಬಳಿ ಗಂಟು ಇರಬಾರದು.
5. ಮರಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿದರೆ ತಿರುಗಿ ನೋಡಬೇಕು.
6. ಕೈ ಚಾಚಿದರೆ ಬಂದು ಮೂಸುವ ಮರಿ ಒಳ್ಳೆಯದು. ಮೂಲೆಗೆ ಸರಿದು ನಡುಗುವುದನ್ನೂ, ಗುರುಗುಟ್ಟಿ ಮೈಮೇಲೆ ಬರುವುದನ್ನೂ ಮಕ್ಕಳಿರುವ ಮನೆಗೆ ತರಬೇಡಿರಿ.

ಹೆಣ್ಣು ಮರಿಯೆಂದರೆ ಬೇಡವೆನ್ನುವವರೇ ಹೆಚ್ಚು. ಹೀಗೆ ಬೇಡವಾದ ಮರಿಗಳನ್ನು ರಸ್ತೆಗೆ, ಸಂತೆಮಾಳಕ್ಕೆ ಬಿಟ್ಟು ಬರುವುದರಿಂದಲೇ ಬೀದಿನಾಯಿಗಳ ಸಂಖ್ಯೆ ಹೆಚ್ಚುತ್ತಿದೆ. ಮನೆಯ ಒಡನಾಟಕ್ಕೆ ಹೆಣ್ಣು ನಾಯಿ ಗಂಡಿಗಿಂತ ಏನೂ ಕಡಿಮೆಯಲ್ಲ. ಅದು ವರ್ಷಕ್ಕೆ ಸುಮಾರು ಎರಡು ಬಾರಿ ಬೆದೆಗೆ ಬರುತ್ತದೆ, ಗರ್ಭ ಕಟ್ಟಿದರೆ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಮರಿ ಬೇಡವಾದವರು ಆರು ತಿಂಗಳ ಸುಮಾರಿಗೆ ಪಶುವೈದ್ಯರನ್ನು ಕಂಡು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಗಂಡಿಗೂ ಇದನ್ನು ಮಾಡಿಸಿದರೆ ಬೆದೆನಾಯಿಯ ಹಿಂದೆ ಊರೂರು ಅಲೆದು ಕಚ್ಚಿಸಿಕೊಂಡು ಬರುವುದು ತಪ್ಪುತ್ತದೆ.

ಆಹಾರ

ಮನೆಯಲ್ಲಿ ಮಾಡುವ ಅಡಿಗೆಯೇ ನಾಯಿಗೂ ಸಾಕು, ಆದರೆ ಒಗ್ಗರಣೆ ಹಾಕುವ ಮುನ್ನ ತೆಗೆದಿಡಬೇಕು. ಆರೇಳು ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 100 ಗ್ರಾಂ ರಾಗಿ ಅಥವಾ ಜೋಳದ ಹಿಟ್ಟಿನ ಮುದ್ದೆ ಇಲ್ಲವೆ ರೊಟ್ಟಿ, ಒಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಮೆತ್ತಗೆ ಬೆಂದ ಬೇಳೆ, ಸ್ವಲ್ಪ ಮೊಸರು ಸಾಕಾಗುತ್ತದೆ. ಇದನ್ನು ಎರಡು ಹೊತ್ತಿಗೆ ಹಂಚಿ ಕೊಡಿರಿ. ಮಾಂಸ ತಿನ್ನುವ ಮನೆಗಳಲ್ಲಿ ಮೊಟ್ಟೆಯ ಬದಲು ಬೇಯಿಸಿದ ಮಾಂಸ ಕೊಡಬಹುದು. ಬರಿ ಅನ್ನ ಹಾಲು ಹಾಕಿ ಬೆಳೆಸಿದ ನಾಯಿಗೆ ಸಸಾರಜನಕ ಸಾಲದು, ಕೆಲವಕ್ಕೆ ಹಾಲಿನಿಂದ ಭೇದಿಯೂ ಆಗುತ್ತದೆ. ಮೂರು ತಿಂಗಳೊಳಗಿನ ಮರಿಗೆ ದಿನಕ್ಕೆ ನಾಲ್ಕು ಬಾರಿ, ಆರು ತಿಂಗಳವರೆಗೆ ಮೂರು ಬಾರಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ನಾಯಿಯ ಪಕ್ಕೆಲುಬು ಕಣ್ಣಿಗೆ ಕಾಣದೆ, ಕೈಯಾಡಿಸಿದರೆ ಮಾತ್ರ ಸಿಕ್ಕುವಂತಿದ್ದರೆ ಆಹಾರ ಸರಿಯಾಗಿದೆಯೆಂದು ತಿಳಿಯಿರಿ.

ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಈ ಗುಣ ಹೋಗುವುದಿಲ್ಲ. ಆರು ಕಿಲೋ ನಾಯಿಗೆ ಮಧ್ಯಮ ಗಾತ್ರದ ಒಂದು ಈರುಳ್ಳಿಯೇ ಅಪಾಯಕ್ಕೆ ಸಾಕು. ಸಂಜೆ ಮಕ್ಕಳು ತಾವು ತಿನ್ನುವ ಖಾರ ಮಂಡಕ್ಕಿ, ಮಿರ್ಚಿಯನ್ನು ನಾಯಿಗೂ ಹಾಕುವುದನ್ನು ತಪ್ಪಿಸಿರಿ. ದ್ರಾಕ್ಷಿ, ಚಾಕೊಲೇಟ್ ಸಹ ಕೂಡದು. ಬೇಯಿಸಿದ ಕೋಳಿಮೂಳೆ ಸೀಳಿ ಗಂಟಲು, ಕರುಳಿಗೆ ಚುಚ್ಚಿಕೊಳ್ಳುತ್ತದೆ.

ಬೂಷ್ಟು ಹಿಡಿದ ಮೆಕ್ಕೆಜೋಳ

ನಮ್ಮ ಭಾಗದಲ್ಲಿ ಮೆಕ್ಕೆಜೋಳದ ಕಟಾವಿನ ಹೊತ್ತಿಗೆ ಹಿಂಗಾರು ಮಳೆ ಹಿಡಿದರೆ ತೆನೆ ಕಣದಲ್ಲೇ ನೆನೆಯುತ್ತದೆ. ಬೂಷ್ಟು ಬಂದ ಕಾಳನ್ನು ಮಾರಲಾಗದು, ಎಸೆಯಲು ಮನಸ್ಸು ಬಾರದು. "ನಾಯಿಗಾದರೂ ಆಗಲಿ" ಎಂದು ನುಚ್ಚು ಮಾಡಿ ಬೇಯಿಸಿ ಹಾಕುವುದುಂಟು. ಇದು ದೊಡ್ಡ ಅಪಾಯ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಇಂತಹ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಅದು ಪಿತ್ತಜನಕಾಂಗವನ್ನು ಹಾಳುಗೆಡವುತ್ತದೆ. ಬೇಯಿಸಿದರೆ ಶಿಲೀಂಧ್ರ ಸಾಯುತ್ತದೆ, ವಿಷ ಉಳಿಯುತ್ತದೆ. ನಾಯಿ ಈ ವಿಷಕ್ಕೆ ಬಹು ಬೇಗ ಬಲಿಯಾಗುವ ಪ್ರಾಣಿ.

1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನಗಳ ಅಕ್ಕಪಕ್ಕದ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ಊರುಗಳ ನಾಯಿಗಳಿಗೂ ಅದೇ ಕಾಮಾಲೆ ಬಂದಿತ್ತು. ಆದ್ದರಿಂದ ಮನುಷ್ಯರಿಗೆ ಬೇಡವಾದ ಕಾಳು ನಾಯಿಗೂ ಬೇಡ. ಶೇಂಗಾ ಹಿಂಡಿಗೂ ಈ ಮಾತು ಅನ್ವಯಿಸುತ್ತದೆ. ಮೆಕ್ಕೆಜೋಳದ ತೇವಾಂಶ ಶೇಕಡ 12ಕ್ಕೆ ಇಳಿಯುವವರೆಗೆ ಒಣಗಿಸಿ ದಾಸ್ತಾನು ಮಾಡುವುದೇ ಇದಕ್ಕೆ ಪರಿಹಾರ.

ಹೊಲದ ವಿಷಗಳು

2018ರಲ್ಲಿ ಫಾಲ್ ಸೈನಿಕ ಹುಳು ನಮ್ಮ ರಾಜ್ಯದ ಮೆಕ್ಕೆಜೋಳಕ್ಕೆ ಬಿದ್ದ ಮೇಲೆ ವಿಷ ಪಾಷಾಣವನ್ನು ಸುಳಿಗೆ ಹಾಕುವ ಪದ್ಧತಿ ಬಂದಿದೆ. 10 ಕಿಲೋ ಅಕ್ಕಿ ತೌಡು, 2 ಕಿಲೋ ಬೆಲ್ಲ ನೀರಿನಲ್ಲಿ ಕಲಸಿ ಒಂದು ದಿನ ಹುದುಗಿಸಿ, ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಬೆರೆಸುತ್ತಾರೆ. ಬೆಲ್ಲದ ವಾಸನೆಗೆ ಹುಳುವಿನಂತೆಯೇ ನಾಯಿಯೂ ಬರುತ್ತದೆ. ಪಾಷಾಣ ಕಲಸುವ ದಿನ ನಾಯಿಯನ್ನು ಮನೆಯಲ್ಲೇ ಕಟ್ಟಿರಿ. ಉಳಿದ ಪಾಷಾಣವನ್ನು ಬದುವಿನ ಮೇಲೆ ಬಿಡದೆ, ಬಾವಿ, ಹಳ್ಳಗಳಿಂದ ದೂರದಲ್ಲಿ ಆಳವಾಗಿ ಹೂಳಿರಿ. ಕಲಸಿದ ಬಕೆಟ್ಟನ್ನು ಬೇರೆ ಯಾವ ಕೆಲಸಕ್ಕೂ ಬಳಸಬೇಡಿರಿ.

ಇಲಿಗೆ ಇಡುವ ಜಿಂಕ್ ಫಾಸ್ಫೈಡ್ ಇನ್ನೂ ಘೋರ, ಅದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಬಿಲದ ಒಳಗೆ ಇಟ್ಟು ಮಣ್ಣು ಮುಚ್ಚಬೇಕು, ಸತ್ತ ಇಲಿಗಳನ್ನು ಹೂಳಬೇಕು.

ನಾಯಿ ಜೊಲ್ಲು ಸುರಿಸಿ ನಡುಗುತ್ತಿದ್ದರೆ, ವಾಂತಿ ಮಾಡಿ ತೂರಾಡುತ್ತಿದ್ದರೆ ಎಣ್ಣೆ, ಹಾಲು ಕುಡಿಸುತ್ತ ಹೊತ್ತು ಕಳೆಯಬೇಡಿರಿ. ವಿಷದ ಡಬ್ಬಿ ಅಥವಾ ಚೀಟಿಯೊಡನೆ ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷವೆಂದು ತಿಳಿದರೆ ಮಾತ್ರ ವೈದ್ಯರು ಸರಿಯಾದ ಮದ್ದು ಕೊಡಬಲ್ಲರು.

ಉಣ್ಣೆ, ಜಂತುಹುಳು ಮತ್ತು ಬಿಸಿಲು

ಉಣ್ಣೆ ರಕ್ತ ಹೀರುವುದಲ್ಲದೆ ಜ್ವರವನ್ನೂ ಹರಡುತ್ತದೆ. ನಾಯಿ ಊಟ ಬಿಟ್ಟು, ಮೈ ಕಾದು, ಮೂಗಿನಿಂದ ರಕ್ತ ಬಂದರೆ ತಡ ಮಾಡಬಾರದು. ಉಣ್ಣೆ ಕೊಲ್ಲಲು ಬೆಳೆಗೆ ಹೊಡೆಯುವ ಔಷಧಿಯನ್ನು ನಾಯಿಯ ಮೈಗೆ ಸವರುವವರಿದ್ದಾರೆ. ಇದು ಖಂಡಿತ ಕೂಡದು, ಸಣ್ಣ ನಾಯಿ ಅದನ್ನು ನೆಕ್ಕಿಯೇ ಸಾಯುತ್ತದೆ. ವೈದ್ಯರು ಸೂಚಿಸಿದ ಔಷಧಿಯನ್ನು ನಾಯಿಯ ತೂಕಕ್ಕೆ ತಕ್ಕಂತೆ ಬಳಸಿರಿ. ಉಣ್ಣೆ ಗೋಡೆಯ ಬಿರುಕಿನಲ್ಲಿ ಮೊಟ್ಟೆ ಇಡುವುದರಿಂದ ಬಿರುಕುಗಳನ್ನು ಮೆತ್ತಿ ಸುಣ್ಣ ಬಳಿಯಿರಿ.

ಜಂತುಹುಳುವಿನ ಔಷಧಿಯನ್ನು ಮರಿಗೆ 15 ದಿನ ತುಂಬಿದಾಗಿನಿಂದ ಮೂರು ತಿಂಗಳವರೆಗೆ 15 ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕೊಡಿಸಬೇಕು. ಕುರಿ ಸಾಕಿದವರು ಇನ್ನೊಂದು ಎಚ್ಚರ ವಹಿಸಬೇಕು. ಸತ್ತ ಅಥವಾ ಕೊಯ್ದ ಕುರಿಯ ಹಸಿ ಈಲಿ, ಶ್ವಾಸಕೋಶಗಳನ್ನು ನಾಯಿಗೆ ಎಸೆಯಬಾರದು. ಅದರಲ್ಲಿರುವ ನೀರುಗುಳ್ಳೆಗಳಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆ ಮಲದ ಮೂಲಕ ಮತ್ತೆ ಕುರಿಗಳಿಗೂ ಮನುಷ್ಯರಿಗೂ ಸೇರುತ್ತದೆ. ಮಕ್ಕಳು ನಾಯಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆದೇ ಊಟಕ್ಕೆ ಕೂರಬೇಕು.

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿ ತಂಪಾಗುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ತಗಡಿನ ಸೂರಿನಡಿ ಕಟ್ಟದೆ ಮರದ ನೆರಳಿನಲ್ಲಿ ಕಟ್ಟಿ, ಮಣ್ಣಿನ ಬಾನಿಯಲ್ಲಿ ನೀರಿಡಿರಿ. ಉದ್ದ ಕೂದಲಿನ ನಾಯಿಗೆ ದಿನವೂ ಬಾಚಿದರೆ ಸಾಕು, ಬುಡಮಟ್ಟ ಬೋಳಿಸಿದರೆ ಚರ್ಮ ಬಿಸಿಲಿಗೆ ಸುಡುತ್ತದೆ.

ಲಸಿಕೆ ಮತ್ತು ಹುಚ್ಚುನಾಯಿ ರೋಗ

ಪಾರ್ವೊ, ಡಿಸ್ಟೆಂಪರ್ ರೋಗಗಳ ವಿರುದ್ಧ ಆರರಿಂದ ಎಂಟನೆಯ ವಾರದಲ್ಲಿ ಮೊದಲ ಲಸಿಕೆ ಹಾಕಿಸಿ, 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸಬೇಕು. ಹುಚ್ಚುನಾಯಿ ರೋಗದ (ರೇಬೀಸ್) ಲಸಿಕೆಯನ್ನು ಮೂರನೆಯ ತಿಂಗಳಲ್ಲಿ, ಅನಂತರ ಪ್ರತಿ ವರ್ಷ ಹಾಕಿಸಬೇಕು. "ಮನೆಯೊಳಗಿನ ಸಣ್ಣ ನಾಯಿ, ಇದಕ್ಕೇಕೆ?" ಎಂದು ಕೇಳುವವರಿದ್ದಾರೆ. ಅಂಗಳಕ್ಕೆ ಬಂದ ಒಂದು ಬೀದಿನಾಯಿ ಒಮ್ಮೆ ಕಚ್ಚಿದರೆ ಸಾಕು. ಎರಡು ತಿಂಗಳ ಮರಿಗೂ ಈ ರೋಗ ಬರಬಹುದು. ಆಡುತ್ತ ಮಗುವಿನ ಕೈ ಪರಚಿದ ಮರಿ ಕೆಲವು ದಿನಗಳಲ್ಲಿ ಸತ್ತರೆ, ಮರಿ ತಾನೇ ಎಂದು ಸುಮ್ಮನಿರುವುದು ಮಗುವಿನ ಪ್ರಾಣಕ್ಕೇ ಎರವು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಚಿಕಿತ್ಸೆ ಇಲ್ಲ.

ಯಾವುದೇ ನಾಯಿ ಕಚ್ಚಿದರೂ, ಪರಚಿ ರಕ್ತ ಬಂದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಮೆತ್ತಬೇಡಿರಿ. ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬ ಹಳೆಯ ಹೆದರಿಕೆಯಿಂದ ಹಿರಿಯರು ಈಗಲೂ ಹಿಂದೆಗೆಯುವುದುಂಟು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ಈಗ ತೋಳಿನ ಚರ್ಮಕ್ಕೆ ಮೊದಲ ದಿನ, ಅನಂತರ 3, 7 ಮತ್ತು 28ನೆಯ ದಿನ ಹಾಕುವ ಪದ್ಧತಿ ಇದೆ. ರಕ್ತ ಬಂದ ಆಳವಾದ ಗಾಯಕ್ಕೆ ಮೊದಲ ದಿನವೇ ಇಮ್ಯುನೊಗ್ಲಾಬ್ಯುಲಿನ್ ಎಂಬ ಮದ್ದನ್ನೂ ಗಾಯದ ಸುತ್ತ ಕೊಡುತ್ತಾರೆ. ನೋವು ಕಡಿಮೆಯಾಯಿತೆಂದು ನಡುವೆ ಬಿಡದೆ ಎಲ್ಲವನ್ನೂ ಪೂರೈಸಬೇಕು.

ಪ್ರತಿ ವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕುವುದುಂಟು. ಆ ದಿನವನ್ನು ಮನೆಯ ಪಂಚಾಂಗದಲ್ಲಿ ಗುರುತು ಹಾಕಿಡಿರಿ. ನಿಮ್ಮ ನಾಯಿಯ ಜೊತೆಗೆ ಓಣಿಯ ನಾಲ್ಕು ನಾಯಿಗಳಿಗೂ ಹಾಕಿಸಿದರೆ ಓಣಿಯ ಮಕ್ಕಳೆಲ್ಲರಿಗೂ ರಕ್ಷಣೆ ದೊರೆಯುತ್ತದೆ. ಹಾಕಿಸಿದ ಲಸಿಕೆಯ ಚೀಟಿಯನ್ನು ಪಾಸ್‌ಪುಸ್ತಕದ ಜೊತೆ ಜೋಪಾನವಾಗಿಡಿರಿ. ಹೆಚ್ಚಿನ ವಿವರಗಳಿಗೆ ಸಮೀಪದ ಪಶುವೈದ್ಯರನ್ನು ಕಾಣಿರಿ.