ಆಡ್ರಿಯಾಟಿಕ್ ತೀರದ ಮೂರು ಪಟ್ಟಣಗಳು

ಅತಿಥಿಯೆಂಬ ಶಬ್ದಕ್ಕೆ, ಒಂದು ತಿಥಿ ಪೂರ್ತಿಯಾಗಿ ನಿಲ್ಲದವನು ಎಂದು ನಮ್ಮ ಹಿರಿಯರು ನಿರ್ವಚನ ಹೇಳುವುದುಂಟು. ಬಂದವನು ಮನೆಯವರಿಗೆ ಭಾರವಾಗುವ ಮೊದಲೇ ಹೊರಟುಹೋಗಬೇಕೆಂಬುದು ಅದರ ತಾತ್ಪರ್ಯ. ಆದರೆ ದಿನಕ್ಕೆ ಸಹಸ್ರಗಟ್ಟಲೆ ಅತಿಥಿಗಳು ಬಂದು, ಬಹುಮಂದಿ ರಾತ್ರಿ ನಿಲ್ಲದೆಯೇ ಹೊರಟುಹೋಗುವ ಮನೆಯ ಗತಿಯೇನು? ಈ ಪ್ರಶ್ನೆ ಶಾಸ್ತ್ರಕಾರರಿಗೆ ಎದುರಾಗಿರಲಾರದು. ದಕ್ಷಿಣ ಯೂರೋಪಿನ ಆಡ್ರಿಯಾಟಿಕ್ ಸಮುದ್ರದ ತೀರದಲ್ಲಿ ವೆನಿಸ್, ಸ್ಪ್ಲಿಟ್, ಡುಬ್ರೋವ್ನಿಕ್ ಎಂಬ ಮೂರು ಪಟ್ಟಣಗಳನ್ನು ನೋಡಿಬಂದ ನಮಗೆ, ಅಲ್ಲಿಯ ಅರಮನೆ ದೇವಾಲಯಗಳಿಗಿಂತ ಈ ಪ್ರಶ್ನೆಯೇ ಮನಸ್ಸಿನಲ್ಲಿ ಹೆಚ್ಚಾಗಿ ನಿಂತಿತು.

ವೆನಿಸ್ ನಗರವು ಇಟಲಿಯ ಈಶಾನ್ಯ ಭಾಗದಲ್ಲಿ, ಆಳವಿಲ್ಲದ ಹಿನ್ನೀರಿನ ನಡುವೆ, ನೂರಕ್ಕೂ ಮೇಲ್ಪಟ್ಟ ಸಣ್ಣ ದ್ವೀಪಗಳ ಮೇಲೆ ನಿಂತಿದೆ. ರೈಲು ನಿಲ್ದಾಣದ ಮೆಟ್ಟಿಲಿಳಿದರೆ ಎದುರಿಗೆ ರಸ್ತೆಯಿಲ್ಲ, ನೀರಿದೆ. ಕಟ್ಟಡಗಳ ತಳಹದಿಯೆಂದರೆ ಕೆಸರಿನಲ್ಲಿ ಒತ್ತೊತ್ತಾಗಿ ನೆಟ್ಟ ಮರದ ಗೂಟಗಳು. ಗಾಳಿ ಸೋಕದ ಕೆಸರಿನಲ್ಲಿ ಮರವು ಬೇಗ ಕೊಳೆಯದಾದ್ದರಿಂದ ಐದಾರು ನೂರು ವರ್ಷಗಳ ಮನೆಗಳು ಇಂದಿಗೂ ನಿಂತಿವೆ.

ಸುತ್ತಲೂ ಉಪ್ಪುನೀರಿರುವಾಗ ಕುಡಿಯುವ ನೀರೆಲ್ಲಿ ಎಂದು ಗೃಹಸ್ಥರಾದ ವಾಚಕರು ಕೇಳದಿರಲಾರರು. ಕೇರಿಯ ಅಂಗಳಗಳಲ್ಲಿ ಕಲ್ಲಿನ ಕಟ್ಟೆಯುಳ್ಳ ಬಾವಿಗಳನ್ನು ನಾವು ಕಂಡೆವು. ಅವು ಸೆಲೆಯ ಬಾವಿಗಳಲ್ಲ. ಅಂಗಳವನ್ನು ಅಗೆದು, ಉಪ್ಪುನೀರು ಒಳಗೆ ಬಾರದಂತೆ ಸುತ್ತಲೂ ಜೇಡಿಮಣ್ಣನ್ನು ಒತ್ತಿ, ಮರಳನ್ನು ತುಂಬಿ, ನಟ್ಟನಡುವೆ ಇಟ್ಟಿಗೆಯ ಬಾವಿಯನ್ನು ಕಟ್ಟುತ್ತಿದ್ದರು. ಅಂಗಳದಲ್ಲಿ ಬಿದ್ದ ಮಳೆನೀರು ಕಲ್ಲಿನ ರಂಧ್ರಗಳಿಂದ ಇಳಿದು, ಮರಳಿನಲ್ಲಿ ಶೋಧಿಸಲ್ಪಟ್ಟು, ಬಾವಿಯಲ್ಲಿ ನಿಲ್ಲುತ್ತಿತ್ತು. ೧೮೮೪ರಲ್ಲಿ ಭೂಭಾಗದಿಂದ ಕೊಳಾಯಿಯ ನೀರು ಬರುವವರೆಗೂ ಆ ಮಹಾನಗರವು ಬಹುಮಟ್ಟಿಗೆ ಮಳೆನೀರನ್ನು ನಂಬಿಯೇ ಬದುಕಿತು. ಈಗ ಬಾವಿಗಳ ಬಾಯಿಗೆ ಮುಚ್ಚಳ ಬಿದ್ದಿದೆ. ಪ್ರವಾಸಿಗಳು ಕಟ್ಟೆಯನ್ನು ಒರಗಿ ತಿಂಡಿ ತಿನ್ನುತ್ತಾರೆ.

ಈ ಹಿನ್ನೀರಿಗೂ ನಮ್ಮ ನಾಡಿಗೂ ಹಳೆಯದೊಂದು ನಂಟುಂಟು. ಇದರ ದಕ್ಷಿಣದ ತುದಿಯಲ್ಲಿರುವ ಕ್ಯೋಜಾ ಎಂಬ ಊರಿನವನು ನಿಕೊಲೊ ಕೊಂತಿ. ೧೪೨೦ರ ಸುಮಾರಿನಲ್ಲಿ ವಿಜಯನಗರವನ್ನು ಕಣ್ಣಾರೆ ಕಂಡ ವರ್ತಕ. ದೇಶಾಂತರದಲ್ಲಿ ಪ್ರಾಣಭಯದಿಂದ ಮತವನ್ನು ಬಿಟ್ಟಿದ್ದ ಆತನಿಗೆ, ಊರಿಗೆ ಮರಳಿದಾಗ ಪೋಪರು ವಿಧಿಸಿದ ಪ್ರಾಯಶ್ಚಿತ್ತವು, ಕಂಡದ್ದನ್ನೆಲ್ಲ ತಮ್ಮ ಕಾರ್ಯದರ್ಶಿಯ ಮುಂದೆ ಹೇಳಿ ಬರೆಯಿಸಬೇಕೆಂಬುದಾಗಿತ್ತಂತೆ. ಪ್ರಾಯಶ್ಚಿತ್ತದಿಂದ ಚರಿತ್ರೆಗೆ ಇಷ್ಟು ಲಾಭವಾದ ಪ್ರಸಂಗ ಬೇರೊಂದಿದ್ದೀತೇ!

ಮೆಣಸಿನ ವ್ಯಾಪಾರದಿಂದ ಐಶ್ವರ್ಯವಂತವಾದ ವೆನಿಸ್ಸಿಗೆ ಇಂದು ಎರಡು ಭಯಗಳು. ಒಂದು ಸಮುದ್ರದ್ದು. ೧೯೬೬ನೆಯ ನವೆಂಬರ್ ೪ರಂದು ನೀರು ೧೯೪ ಸೆಂಟಿಮೀಟರ್ ಏರಿತು. ೨೦೧೯ರ ನವೆಂಬರಿನಲ್ಲಿ ಪುನಃ ೧೮೭ಕ್ಕೆ ಮುಟ್ಟಿತು. ಹಿನ್ನೀರಿನ ಮೂರು ಬಾಯಿಗಳಲ್ಲಿ ನೀರಿನಡಿ ಮಲಗಿದ್ದು, ಬೇಕಾದಾಗ ಮೇಲೇಳುವ ೭೮ ಉಕ್ಕಿನ ಬಾಗಿಲುಗಳನ್ನು ಉಬ್ಬರವನ್ನು ತಡೆಯಲು ಮೊಟ್ಟಮೊದಲು ಎತ್ತಿದ್ದು ೨೦೨೦ರ ಅಕ್ಟೋಬರ್ ೩ರಂದು; ಅಂದು ನಗರವು ನೆನೆಯಲಿಲ್ಲ. ಎರಡನೆಯ ಭಯಕ್ಕೆ ಇಂಥ ಬಾಗಿಲಿಲ್ಲ. ೧೯೫೧ರಲ್ಲಿ ಹಳೆಯ ನಗರದಲ್ಲಿ ಸುಮಾರು ೧,೭೫,೦೦೦ ಜನ ವಾಸವಾಗಿದ್ದರು. ೨೦೨೨ರಲ್ಲಿ ಆ ಸಂಖ್ಯೆಯು ೫೦,೦೦೦ಕ್ಕಿಂತ ಕೆಳಗಿಳಿಯಿತು. ರಿಯಾಲ್ಟೋ ಸೇತುವೆಯ ಸಮೀಪದ ಔಷಧದ ಅಂಗಡಿಯೊಂದು, ಉಳಿದಿರುವ ನಿವಾಸಿಗಳೆಷ್ಟೆಂಬುದನ್ನು ೨೦೦೮ರಲ್ಲಿ ತನ್ನ ಕಿಟಕಿಯಲ್ಲಿ ವಿದ್ಯುದಕ್ಷರಗಳಿಂದ ತೋರಿಸತೊಡಗಿತು. ರೋಗಿಯ ಜ್ವರವನ್ನು ಬಾಗಿಲಿಗೆ ಬರೆದು ಹಾಕಿದಂತೆ! ಮನೆಗಳು ಪ್ರವಾಸಿಗಳ ಬಿಡಾರಗಳಾಗುತ್ತವೆ, ಬಾಡಿಗೆ ಏರುತ್ತದೆ, ಹುಡುಗರು ಭೂಭಾಗಕ್ಕೆ ಹೋಗಿ ನೆಲೆಸುತ್ತಾರೆ. ೨೦೨೧ರ ಆಗಸ್ಟಿನಿಂದ ಮಹಾನೌಕೆಗಳು ಊರ ನಡುವಿನ ದೊಡ್ಡ ಕಾಲುವೆಯಲ್ಲಿ ಹಾಯುವುದನ್ನು ನಿಷೇಧಿಸಿದರು. ೨೦೨೪ರ ಏಪ್ರಿಲಿನಲ್ಲಿ, ಗೊತ್ತುಮಾಡಿದ ಕೆಲವು ದಿನಗಳಂದು ಬಂದು ಅದೇ ದಿನ ಹೊರಡುವವರಿಂದ ಐದು ಯೂರೋ ಸುಂಕವನ್ನು ಎತ್ತಲಾರಂಭಿಸಿದರು. ರಾತ್ರಿ ತಂಗುವವರಿಗೆ ಈ ಸುಂಕವಿಲ್ಲ. ತಿಥಿ ನಿಲ್ಲದವನೇ ದಂಡ ತೆರತಕ್ಕವನಾದ!

ವೆನಿಸ್ಸಿನಿಂದ ರೈಲಿನಲ್ಲಿ ಅಂಕೋನಾ ರೇವಿಗೆ ಬಂದು, ಅಲ್ಲಿ ರಾತ್ರಿಯ ಹಡಗನ್ನೇರಿದರೆ, ಬೆಳಗಾಗುವಾಗ ಎದುರಿನ ತೀರದ ಕ್ರೊಯೇಷಿಯಾ ದೇಶದ ಸ್ಪ್ಲಿಟ್ ಪಟ್ಟಣವು ಕಾಣುತ್ತದೆ. ಆ ದೇಶವೂ ೨೦೨೩ರ ಜನವರಿಯಿಂದ ಯೂರೋ ನಾಣ್ಯವನ್ನೇ ಬಳಸುವುದರಿಂದ ಹಣ ಬದಲಾಯಿಸುವ ತೊಂದರೆ ತಪ್ಪಿತು. ರೋಮಿನ ಚಕ್ರವರ್ತಿ ಡಯೋಕ್ಲೀಷಿಯನ್ನನು ಅರವತ್ತರ ಆಸುಪಾಸಿನಲ್ಲಿ, ಕ್ರಿ. ಶ. ೩೦೫ರಲ್ಲಿ, ಸಿಂಹಾಸನವನ್ನು ತಾನಾಗಿಯೇ ಬಿಟ್ಟು, ವಾನಪ್ರಸ್ಥನಂತೆ ಇಲ್ಲಿಗೆ ಬಂದು ಅರಮನೆಯಲ್ಲಿ ನೆಲೆಸಿದನು. ಮತ್ತೆ ರಾಜ್ಯವಾಳೆಂದು ಕರೆಯಬಂದವರಿಗೆ, ತಾನು ಕೈಯಾರೆ ಬೆಳೆದ ಕಾಯಿಪಲ್ಯಗಳನ್ನು ನೋಡಿದ್ದರೆ ಈ ಮಾತೆತ್ತುತ್ತಿರಲಿಲ್ಲವೆಂದು ಉತ್ತರವಿತ್ತನೆಂಬ ಕಥೆಯಿದೆ. ನಿವೃತ್ತರಾದ ನಮ್ಮಂಥವರಿಗೆ ಇದು ಬಹಳ ಹಿಡಿಸಿತು. ಏಳನೆಯ ಶತಮಾನದಲ್ಲಿ ಪಕ್ಕದ ಸಲೋನಾ ಪಟ್ಟಣವು ಹಾಳಾದಾಗ, ನಿರಾಶ್ರಿತರು ಈ ಅರಮನೆಯೊಳಕ್ಕೆ ನುಗ್ಗಿ ಮನೆಗಳನ್ನು ಮಾಡಿಕೊಂಡರು. ಅಂದಿನಿಂದ ಇಂದಿನವರೆಗೆ ಅದು ಬರಿದಾಗಿಲ್ಲ. ಚಕ್ರವರ್ತಿಯ ಕಮಾನಿಗೆ ಹಗ್ಗ ಕಟ್ಟಿ ಮಗುವಿನ ಬಟ್ಟೆಗಳನ್ನು ಒಣಹಾಕಿದ್ದುದನ್ನು ನಾವು ಕಂಡೆವು. ವಿಧಿವಿಲಾಸವನ್ನು ನೋಡಿರಿ: ಕ್ರೈಸ್ತರನ್ನು ಹಿಂಸಿಸಿದ ಆತನ ಸಮಾಧಿಮಂದಿರವೇ ಈಗ ಕ್ರೈಸ್ತರ ಪ್ರಧಾನ ದೇವಾಲಯ, ಆತನ ಕಾಲದಲ್ಲಿ ಹತನಾದ ಬಿಷಪ್ಪನೇ ಅದರ ಅಧಿದೈವ. ಚಕ್ರವರ್ತಿಯ ಶವಪೆಟ್ಟಿಗೆ ಮಾತ್ರ ಅಲ್ಲಿಲ್ಲ.

ಸ್ಪ್ಲಿಟ್ಟಿನಿಂದ ದಕ್ಷಿಣಕ್ಕೆ ಮೋಟಾರು ಬಸ್ಸಿನಲ್ಲಿ ಹೊರಟೆವು. ಮೊದಲು ನಡುವೆ ಬೋಸ್ನಿಯಾ ದೇಶದ ಒಂದು ತುಂಡನ್ನು ದಾಟಬೇಕಾಗಿದ್ದು, ಎರಡು ಸಲ ಗಡಿಯ ತನಿಖೆಯಾಗುತ್ತಿತ್ತು; ೨೦೨೨ರ ಜುಲೈನಲ್ಲಿ ಸಮುದ್ರದ ಮೇಲೆ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ತೆರೆದ ಮೇಲೆ ಆ ತಾಪತ್ರಯ ಹೋಯಿತು.

ಡುಬ್ರೋವ್ನಿಕ್ಕಿನ ಹಿಂದಿನ ಹೆಸರು ರಗೂಸಾ. ಸುಮಾರು ಎರಡು ಕಿಲೋಮೀಟರ್ ಸುತ್ತಳತೆಯ ಕೋಟೆಯೊಳಗಿನ ಈ ಪುಟ್ಟ ಗಣರಾಜ್ಯವು ವೆನಿಸ್ಸಿಗೂ ತುರ್ಕರಿಗೂ ನಡುವೆ ಜಾಣತನದಿಂದ ಬಾಳಿತು. ೧೮೦೮ರಲ್ಲಿ ಫ್ರೆಂಚರ ಕೈಯಲ್ಲಿ ಕೊನೆಗೊಂಡಿತು. ಸಾಂಕ್ರಾಮಿಕವಿರುವ ಊರುಗಳಿಂದ ಬಂದವರು ಒಂದು ತಿಂಗಳು ಹೊರಗಿನ ದ್ವೀಪದಲ್ಲೋ ನೆರೆಯ ಊರಿನಲ್ಲೋ ಇದ್ದು ಬರಬೇಕೆಂದು ೧೩೭೭ರಲ್ಲಿಯೇ ಕಟ್ಟಳೆ ಮಾಡಿದವರು ಇವರು. ತಿಂಗಳು ಮುಂದೆ ನಲವತ್ತು ದಿನವಾಯಿತು. ಇಟಾಲಿಯನ್ ಭಾಷೆಯ ಆ ನಲವತ್ತೇ ಕ್ವಾರಂಟೈನ್ ಶಬ್ದಕ್ಕೆ ಮೂಲ. ೨೦೨೦ರಲ್ಲಿ ಹಳ್ಳಿಯ ಮಕ್ಕಳ ಬಾಯಲ್ಲೂ ಕೇಳಿಬಂದ ಶಬ್ದವಿದು. ಅತಿಥಿಯನ್ನು ಬಾಗಿಲಲ್ಲಿ ನಿಲ್ಲಿಸುವುದನ್ನು ಬಲ್ಲ ಊರು!

ನಾವು ಕೋಟೆಯೊಳಗೆ ಒಬ್ಬ ವೃದ್ಧೆಯ ಮನೆಯಲ್ಲಿ ಒಂದು ಕೊಠಡಿಯನ್ನು ಹಿಡಿದು ನಾಲ್ಕು ರಾತ್ರಿ ಇದ್ದೆವು. ಆಕೆಗೆ ಹರಕು ಇಂಗ್ಲಿಷು ಬರುತ್ತಿತ್ತು. ಕಿಟಕಿಯಿಂದ ಕಾಣುವ ಹೆಂಚುಗಳಲ್ಲಿ ಕೆಲವು ಮಾಸಿದ ಬಣ್ಣ, ಬಹಳಷ್ಟು ಹೊಚ್ಚ ಕೆಂಪು. ಹೊಸವೆಲ್ಲ ೧೯೯೧-೯೨ರ ಮುತ್ತಿಗೆಯ ತರುವಾಯ ಹೊದಿಸಿದವು. ಆಗ ಹಳೆಯ ಊರಿನ ಮೂರರಲ್ಲಿ ಎರಡು ಪಾಲು ಕಟ್ಟಡಗಳಿಗೆ ಗುಂಡು ತಗುಲಿತ್ತು. "ಡಿಸೆಂಬರ್ ಆರನೆಯ ತಾರೀಕು ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ಮಂದಿ ಇದ್ದೆವು. ಯಾರೂ ಊರು ಬಿಟ್ಟು ಹೋಗುವ ಮಾತಾಡಲಿಲ್ಲ" ಎಂದಳು ಆಕೆ. "ಈಗ ಈ ಓಣಿಯಲ್ಲಿ ಚಳಿಗಾಲಕ್ಕೆ ದೀಪ ಹಚ್ಚುವ ಮನೆಗಳು ಮೂರು. ಸೂಜಿದಾರ ಬೇಕಾದರೆ ಕೋಟೆಯ ಹೊರಗೆ ಹೋಗಬೇಕು. ಐಸ್‌ಕ್ರೀಮು ಬೇಕೇ, ಹತ್ತು ಅಂಗಡಿಗಳಿವೆ."

ಹಾಗಾದರೆ ನಮ್ಮಂಥವರು ಬಾರದಿರುವುದೇ ಒಳ್ಳೆಯದೇ ಎಂದು ನಾವು ಕೇಳಿದೆವು. ಆಕೆ ನಕ್ಕಳು. "ನೀವು ಕೊಡುವ ಬಾಡಿಗೆಯಿಂದಲೇ ಈ ಮನೆಯನ್ನು ಮಾರದೆ ಉಳಿಸಿಕೊಂಡಿದ್ದೇನೆ, ಸ್ವಾಮಿ. ಹಡಗಿನವರದೇ ಬೇರೆ; ನಾಲ್ಕು ಗಂಟೆ ಇರುತ್ತಾರೆ, ನೀರಿನ ಸೀಸೆ ಕೊಳ್ಳುತ್ತಾರೆ." ೨೦೧೯ರಿಂದ ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ಮಹಾನೌಕೆಗಳು ಬಾರದಂತೆ ನಗರಸಭೆಯು ಕಟ್ಟು ಮಾಡಿದ ಮೇಲೆ ತುಸು ಉಸಿರಾಡುವಂತಾಯಿತೆಂದೂ ಹೇಳಿದಳು.

ಸಂಜೆ ಹಡಗುಗಳು ಕೂಗಿ ಹೊರಟವು. ಜನರ ನಡೆದಾಟದಿಂದ ಕನ್ನಡಿಯಂತಾಗಿರುವ ಹಾಸುಗಲ್ಲಿನ ದೊಡ್ಡ ಬೀದಿಯು ಗಳಿಗೆಯೊಳಗೆ ಬರಿದಾಯಿತು. ವೃದ್ಧೆಯು ಬಾಗಿಲ ಹೊರಗೆ ಎರಡು ಕುರ್ಚಿಗಳನ್ನು ತಂದಿಟ್ಟು, ಎದುರುಮನೆಯ ಗೆಳತಿಯನ್ನು ಹೆಸರು ಹಿಡಿದು ಕರೆದಳು.